ವಾರಿಜ ದೊಡ್ಡಮ್ಮನ ಠೇವಣಿ

ಎಲ್ಲಿಗೆ ಹೋದರೂ ನಾನು ಮೊದಲು ಮೇಲೆ ನೋಡುತ್ತೇನೆ. ಮೆಲ್ಕಾರಿನ ಬಸ್ ತಂಗುದಾಣವಿರಲಿ, ಮೂಡುಬಿದಿರೆಯ ಮದುವೆ ಹಾಲ್ ಇರಲಿ, ನಾರಾವಿ ಪೇಟೆಯ ಗೂಡಂಗಡಿ ಇರಲಿ, ಕಾಲಿಟ್ಟ ಕೂಡಲೇ ಕಣ್ಣು ಮಾಡಿಗೆ ಹೋಗುತ್ತದೆ. ಹಂಚೋ, ಶೀಟೋ, ಕಾಂಕ್ರೀಟೋ? ಮಳೆ ಬಂದರೆ ಎಲ್ಲಿ ಸೋರಬಹುದು? ಹೋದ ವರ್ಷ ಹೆಣ್ಣು ನೋಡಲು ಹೋದ ಮನೆಯಲ್ಲೂ ಹೀಗೇ ಮಾಡಿದೆ. ಹುಡುಗಿ ಚಹಾ ತಂದಿಟ್ಟದ್ದನ್ನು ನೋಡದೆ ಜಂತಿ ನೋಡುತ್ತಿದ್ದೆನಂತೆ. "ಹುಡುಗ ಜೇಡರ ಬಲೆ ಲೆಕ್ಕ ಮಾಡ್ಲಿಕ್ಕೆ ಬಂದದ್ದಾ?" ಎಂದು ಅವಳ ಸೋದರಮಾವ ಆಮೇಲೆ ದಲ್ಲಾಳಿಯ ಹತ್ತಿರ ಕೇಳಿದರು. ಆ ಸಂಬಂಧ ಅಲ್ಲಿಗೇ ನಿಂತಿತು.

ಈ ಅಭ್ಯಾಸ ನನ್ನದಲ್ಲ. ನನ್ನ ಅಮ್ಮನ ಅಕ್ಕ ವಾರಿಜ ದೊಡ್ಡಮ್ಮನದು. ಅವಳು ಪಂಚಾಯತ್ ಚುನಾವಣೆಗೆ ನಿಂತ ವರ್ಷ ಅವಳ ಜೊತೆ ಮನೆಮನೆ ತಿರುಗಿ ಅಂಟಿಸಿಕೊಂಡದ್ದು.

ನನ್ನ ಸ್ವಂತ ಅಭ್ಯಾಸ ಬೇರೆ ಇದೆ. ಹೈಸ್ಕೂಲಿನಿಂದಲೂ ನಾನು ಡೈರಿ ಬರೆಯುತ್ತೇನೆ. ಅದರಲ್ಲಿ ಮನಸ್ಸಿನ ಮಾತು ಹುಡುಕಿದವರಿಗೆ ನಿರಾಸೆಯಾದೀತು. ಬೆಳಗಿನ ಬಸ್ಸು ಎಷ್ಟು ತಡವಾಗಿ ಬಂತು, ಬಾವಿಯಲ್ಲಿ ಎಷ್ಟು ಮೆಟ್ಟಿಲು ನೀರಿದೆ, ಅಂಗಳದಲ್ಲಿಟ್ಟ ಜಾಮ್ ಬಾಟಲಿಯಲ್ಲಿ ಎಷ್ಟು ಬೆರಳು ಮಳೆ ತುಂಬಿತು, ಇಂಥವು. "ಇವನದ್ದು ಸಂಬಳ ಇಲ್ಲದ ಗುಮಾಸ್ತಗಿರಿ" ಎಂದು ಅಮ್ಮ ಹೇಳುತ್ತಿದ್ದಳು. ಈಗ ಸಹಕಾರಿ ಸೊಸೈಟಿಯಲ್ಲಿ ಸಂಬಳ ಇರುವ ಗುಮಾಸ್ತಗಿರಿಯನ್ನೇ ಮಾಡುತ್ತಿರುವುದರಿಂದ ಅವಳಿಗೆ ಹೇಳಲು ಬೇರೇನೂ ಉಳಿದಿಲ್ಲ.

ಚುನಾವಣೆಯ ಫಲಿತಾಂಶ ಬಂದ ಮರುದಿನ ಪತ್ರಿಕೆಯ ಒಳಪುಟದಲ್ಲಿ ಒಂದು ಸಾಲು ಬರುತ್ತದಲ್ಲ, ಇಷ್ಟು ಮಂದಿ ಠೇವಣಿ ಕಳೆದುಕೊಂಡರು ಎಂದು, ಅದನ್ನು ಓದಿ ಹೋಟೆಲಿನಲ್ಲಿ ಕುಳಿತವರೆಲ್ಲ ನಗುತ್ತಾರೆ. ನಾನೂ ನಗುತ್ತಿದ್ದೆ. ಸೋತವರ ಬಗ್ಗೆ ಸ್ವಲ್ಪವಾದರೂ ಕನಿಕರ ಇರುತ್ತದೆ, ಠೇವಣಿ ಹೋದವರ ಬಗ್ಗೆ ಅದೂ ಇರುವುದಿಲ್ಲ. ಈಗ ಆ ಸಾಲು ಕಂಡರೆ ನಾನು ಪುಟ ಮಗುಚುತ್ತೇನೆ.

ದೊಡ್ಡಮ್ಮನ ಮನೆ ವಾಮದಪದವಿನಿಂದ ಒಳಗೆ. ಸರಕಾರ ಕೊಟ್ಟ ಐದೈದು ಸೆಂಟ್ಸ್ ಜಾಗದಲ್ಲಿ ಕಟ್ಟಿದ ಮನೆಗಳ ಸಾಲು ಅದು. ಒಂದು ಮನೆಯ ಒಗ್ಗರಣೆಗೆ ಇನ್ನೊಂದು ಮನೆಯವರು ಸೀನಬೇಕು, ಅಷ್ಟು ಹತ್ತಿರ. ದೊಡ್ಡಪ್ಪ ಕೆಂಪುಕಲ್ಲಿನ ಕೋರೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ದೊಡ್ಡಮ್ಮ ಬೀಡಿ ಕಟ್ಟುತ್ತಿದ್ದಳು. ಮಕ್ಕಳಿಲ್ಲದ ಆ ಮನೆಗೆ ರಜೆಯಲ್ಲಿ ನಾನು ಮಗನಾಗಿ ಹೋಗುತ್ತಿದ್ದೆ.

ಆ ಮನೆಯ ಮುಖ್ಯ ಜಾಗವೆಂದರೆ ಒಳಕೋಣೆಯಲ್ಲ, ಅಂಗಳ. ಅಂಗಳದ ಮೇಲೆ ದೊಡ್ಡಪ್ಪ ತಾವೇ ಕಂಬ ನೆಟ್ಟು, ಅಡ್ಡಕ್ಕೆ ಮರದ ಪಕ್ಕಾಸು ಹೊಡೆದು, ಎಂಟು ಜಿಂಕ್ ಶೀಟು ಹಾಕಿದ್ದರು. ದೊಡ್ಡಮ್ಮ ಅದರಡಿ ಗೋಡೆಗೆ ಬೆನ್ನು ಕೊಟ್ಟು, ಕಾಲು ನೀಡಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಕುಳಿತಳೆಂದರೆ ಮಧ್ಯಾಹ್ನದ ಊಟಕ್ಕೇ ಏಳುವುದು. ಎಲೆ ಕತ್ತರಿಸುವುದು, ಹೊಗೆಸೊಪ್ಪಿನ ಹುಡಿ ತುಂಬಿಸುವುದು, ಸುರುಳಿ ಸುತ್ತಿ ನೂಲು ಕಟ್ಟುವುದು. ಮಾತಾಡುವಾಗಲೂ ಬೆರಳು ನಿಲ್ಲುತ್ತಿರಲಿಲ್ಲ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ನನಗೆ ಮಗ್ಗಿ ಬಂದದ್ದು ಶಾಲೆಯಲ್ಲಲ್ಲ, ಆ ಕಟ್ಟುಗಳಲ್ಲಿ. ಮಳೆಗಾಲದಲ್ಲಿ ಶೀಟಿನ ಸದ್ದಿಗೆ ಪಕ್ಕದವರ ಮಾತು ಕೇಳಿಸುತ್ತಿರಲಿಲ್ಲ. ನಾನು ಆ ಸದ್ದಿನ ಕೆಳಗೆ ಚಾಪೆ ಹಾಕಿ ಮಲಗುತ್ತಿದ್ದೆ. ಮೂಗಿಗೆ ಹೊಗೆಸೊಪ್ಪಿನ ಘಾಟು, ಮೈಗೆ ದೊಡ್ಡಮ್ಮನ ಹಳೆ ಸೀರೆ. ಮಳೆಯೆಂದರೆ ನೆನೆಸುವ ವಸ್ತು ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಕೋರೆಯ ಹುಡಿ ಎದೆಯಲ್ಲಿ ಕುಳಿತು ದೊಡ್ಡಪ್ಪ ಒಂದು ಆಟಿಯಲ್ಲಿ ತೀರಿಕೊಂಡರು. ನಮ್ಮ ಕಡೆಯ ಆಟಿ ತಿಂಗಳ ಮಳೆ ನಿಮಗೆ ಗೊತ್ತಿರಬಹುದು. ಆಗ ಸಾಯುವುದು ಕೂಡ ಸುಲಭ, ಆಮೇಲಿನದೇ ಕಷ್ಟ.

ನಮ್ಮಲ್ಲಿ ಜಾಗ ಇದ್ದವರು ತಮ್ಮ ಜಾಗದ ಮೂಲೆಯಲ್ಲೇ ಸುಡುತ್ತಾರೆ. ತೋಟದ ಬದಿಯ ಒಂದು ಮಾವಿನ ಮರ ಕಡಿಯುತ್ತಾರೆ, ಶೆಡ್ಡೋ ಚಪ್ಪರವೋ ಎಬ್ಬಿಸುತ್ತಾರೆ. ಐದು ಸೆಂಟ್ಸಿನವರಿಗೆ ಆ ಮೂಲೆ ಎಲ್ಲಿಂದ ಬರಬೇಕು? ಅವರ ಪಾಲಿಗೆ ಗುಡ್ಡೆಯ ಮೇಲೆ ಪಂಚಾಯತಿನ ಸ್ಮಶಾನ ಇತ್ತು. ಅಂದರೆ ಒಂದು ಬೋರ್ಡು ಇತ್ತು. ಬೋರ್ಡಿನ ಹಿಂದೆ ಮುಳಿಹುಲ್ಲು, ಕೆಂಪು ಕಲ್ಲು, ಆಕಾಶ.

ಅವತ್ತು ನಾವು ಹಸಿ ಮಾವಿನ ಕಟ್ಟಿಗೆ ಇಟ್ಟೆವು, ಗೋಣಿ ತುಂಬ ತೆಂಗಿನ ಗೆರಟೆ ಹಾಕಿದೆವು, ಎಣ್ಣೆ ಹೊಯ್ದೆವು. ಯಾರೋ ಲಾರಿಯ ಹಳೆ ಟಯರು ತಂದರು. ನಾಲ್ಕು ಜನ ನಾಲ್ಕು ಮೂಲೆಯಲ್ಲಿ ಟರ್ಪಾಲು ಎತ್ತಿ ಹಿಡಿದರು. ಬೆಂಕಿ ಏರಿದರೆ ಟರ್ಪಾಲು ಕರಗುತ್ತಿತ್ತು. ಟರ್ಪಾಲು ಸರಿಸಿದರೆ ಬೆಂಕಿ ಇಳಿಯುತ್ತಿತ್ತು. ಸಂಜೆಯವರೆಗೆ ಅದೇ ಆಯಿತು. ಕೊನೆಗೆ, ಇನ್ನು ಹಿಡಿಯುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಗುಡ್ಡೆ ಇಳಿದೆವು.

ನಮ್ಮಲ್ಲಿ ಹೆಂಗಸರು ಸುಡುವಲ್ಲಿಗೆ ಬರುವುದಿಲ್ಲ. ಮೂರನೆಯ ದಿನ ಬೂದಿ ಮುಚ್ಚಲು ಹೊರಟಾಗ ದೊಡ್ಡಮ್ಮ ನಾನೂ ಬರುತ್ತೇನೆಂದು ಹಟ ಹಿಡಿದಳು. ಯಾರು ಹೇಳಿದರೂ ಕೇಳಲಿಲ್ಲ. ಅಲ್ಲಿ ಒಮ್ಮೆ ಕೆಳಗೆ ನೋಡಿದಳು. ಆಮೇಲೆ ಬಹಳ ಹೊತ್ತು ಮೇಲೆ ನೋಡಿದಳು. ಮತ್ತೆ ಕಟ್ಟಿಗೆ ತರಿಸಿ ಮಾಡಬೇಕಾದ್ದನ್ನು ಗಂಡಸರು ಮಾಡಿದರು. ಅದನ್ನು ನಾನು ಡೈರಿಯಲ್ಲೂ ಬರೆದಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಮನೆಗೆ ಬಂದಾಗ ಅಂಗಳದಲ್ಲಿ ಕಾಯುತ್ತಿದ್ದ ಅಮ್ಮ, "ಹೇಗಿತ್ತು ಅಕ್ಕ?" ಎಂದಳು.

"ಮುಕ್ಕಾಲು" ಎಂದಳು ದೊಡ್ಡಮ್ಮ. ಅಷ್ಟೇ.

ಆವತ್ತಿನಿಂದ ಅವಳಿಗೆ ಮೇಲೆ ನೋಡುವ ಅಭ್ಯಾಸ. ಕಟ್ಟಿದ ಬೀಡಿ ಕೊಡಲು ಕಂಪೆನಿಯ ಬ್ರಾಂಚಿಗೆ ಹೋದರೆ ಮಾಡು ನೋಡುವಳು. ಪಂಚಾಯತ್ ಕಚೇರಿಗೆ ಹೋದರೆ ಮಾಡು ನೋಡುವಳು. ಅಲ್ಲಿಗೆ ಅವಳು ಹಲವು ಸಲ ಹೋದಳು. ಸ್ಮಶಾನಕ್ಕೊಂದು ಮಾಡು ಬೇಕು, ನಾಲ್ಕು ಕಬ್ಬಿಣದ ಕಂಬ, ಮೇಲೆ ಶೀಟು, ಅಷ್ಟೇ. ಅರ್ಜಿ ನಾನೇ ಬರೆದುಕೊಟ್ಟೆ. ಅನುದಾನ ಬಂದಾಗ ನೋಡುವ ಎಂದರು. ಒಂದು ದಿನ ಒಬ್ಬ ಸದಸ್ಯರು ಸತ್ಯವನ್ನೇ ಹೇಳಿಬಿಟ್ಟರು: "ರಸ್ತೆ ಕೇಳುವವರು ದಿನಾ ಬರ್ತಾರೆ ವಾರಿಜಕ್ಕ. ಸತ್ತವರು ಬಂದು ಕೇಳ್ತಾರಾ?"

ಮುಂದಿನ ವರ್ಷ ಪಂಚಾಯತ್ ಚುನಾವಣೆ ಬಂತು. ಅವಳ ವಾರ್ಡಿನಲ್ಲಿ ಒಂದು ಸ್ಥಾನ ಹೆಂಗಸರಿಗೆ ಮೀಸಲಾಯಿತು. ದೊಡ್ಡಮ್ಮ ನನಗೆ ಫೋನು ಮಾಡಿದಳು.

"ಮಗಾ, ಓಟಿಗೆ ನಿಲ್ಲಲಿಕ್ಕೆ ಎಂತೆಲ್ಲ ಬೇಕು?"

"ಯಾರು ನಿಲ್ಲುವುದು?"

"ನಾನೇ. ಬೇರೆ ಯಾರಿಗೆ ತಲೆ ಕೆಟ್ಟದ್ದು?"

ಅಮ್ಮ ಬೇಡವೆಂದಳು. "ನಿಲ್ಲುವವರು ಪಕ್ಷದವರು, ದುಡ್ಡಿದ್ದವರು. ನೀನು ಡಿಪಾಸಿಟ್ ಕಟ್ಟುವುದು ನೀರಿಗೆ ಹಾಕಿದ ಹಾಗೆ." ಪಂಚಾಯತ್ ಚುನಾವಣೆಗೆ ಪಕ್ಷವಿಲ್ಲ ಎಂದು ಕಾನೂನು ಹೇಳುತ್ತದೆ. ನಮ್ಮೂರಿನ ನಾಯಿಗೂ ಯಾವ ಮನೆಯದು ಯಾವ ಪಕ್ಷ ಎಂದು ಗೊತ್ತು. ದೊಡ್ಡಮ್ಮ ಒಂದೇ ಮಾತು ಹೇಳಿದಳು. "ಇನ್ನೊಂದು ಆಟಿ ಬರುವ ಮೊದಲು ಅಲ್ಲಿ ಮಾಡು ಆಗಬೇಕು. ಕೇಳಿದರೆ ಕೊಡುವುದಿಲ್ಲ. ಒಳಗೆ ಕೂತು ಕೇಳಿದರೆ ಕೊಡ್ತಾರೋ ಏನೋ."

ನಾನು ಉತ್ಸಾಹದಿಂದ ಬೇಕಾದ್ದನ್ನೆಲ್ಲ ಪಟ್ಟಿ ಮಾಡಿದೆ. ಕಾಗದಗಳು ಎರಡೇ ದಿನದಲ್ಲಿ ಆದವು. ಸಿಗದೇ ಹೋದದ್ದು ಸೂಚಕ. ನಾಮಪತ್ರಕ್ಕೆ ಅದೇ ವಾರ್ಡಿನ ಒಬ್ಬ ಮತದಾರ ಸಹಿ ಹಾಕಬೇಕು. ಒಂದೇ ಒಂದು ಸಹಿ. ಅಕ್ಕಪಕ್ಕದವರೆಲ್ಲ ಒಳ್ಳೆಯವರೇ. ಒಬ್ಬರ ಮಗನಿಗೆ ಒಂದು ಪಕ್ಷದವರು ಕೆಲಸ ಕೊಡಿಸಿದ್ದರು, ಇನ್ನೊಬ್ಬರ ಬಾವಿಗೆ ಮತ್ತೊಂದು ಪಕ್ಷದವರು ರಿಂಗು ಹಾಕಿಸಿದ್ದರು. ಸಹಿ ಕೇಳಿದರೆ ಎಲ್ಲರೂ ಚಹಾ ಕೊಟ್ಟರು.

ಸಾಲಿನ ಕೊನೆಯ ಮನೆಯಲ್ಲಿ ಐತಪ್ಪಜ್ಜ ಇದ್ದರು. ದೊಡ್ಡಪ್ಪನಿಗೆ ಕಲ್ಲು ಕಡಿಯಲು ಕಲಿಸಿದವರು. ಎರಡು ಕಾಲೂ ಸ್ವಾಧೀನ ತಪ್ಪಿ ಮಂಚ ಹಿಡಿದಿದ್ದರು. ಸುದ್ದಿ ಕೇಳಿ ಅವರೇ ಹೇಳಿ ಕಳುಹಿಸಿದರು. ನಾವು ಹೋದಾಗ ಅವರು ಮಲಗಿದಲ್ಲಿಂದಲೇ ಕೇಳಿದರು: "ಮಾಡು ಹಾಕಿಸ್ತೀಯಾ ವಾರಿಜ? ನಿಜವಾಗಿ?"

"ಗೆದ್ದರೆ ಹಾಕಿಸ್ತೇನೆ ಅಜ್ಜ."

"ಹಾಗಾದರೆ ನನ್ನ ಹೆಬ್ಬೆಟ್ಟು ಉಂಟು. ನಿನ್ನ ಗಂಡನದ್ದು ನಾನು ಇಲ್ಲಿಂದಲೇ ನೋಡಿದ್ದೇನೆ. ಗುಡ್ಡೆಯಲ್ಲಿ ಹೊಗೆಯೇ, ಬೆಂಕಿ ಇಲ್ಲ. ನನಗೆ ಬೇರೆಂತ ಆಸೆ ಇಲ್ಲ ಮಾರಾಯ್ತಿ. ನೆನೆಯದೆ ಉರಿದುಹೋದರೆ ಸಾಕು."

ಹೆಬ್ಬೆಟ್ಟನ್ನು ಅಧಿಕಾರಿಯ ಎದುರೇ ಒತ್ತಬೇಕಿತ್ತು. ಅಜ್ಜನನ್ನು ಕುರ್ಚಿ ಸಮೇತ ರಸ್ತೆಯವರೆಗೆ ಹೊತ್ತು, ರಿಕ್ಷಾದಲ್ಲಿ ಕೂರಿಸಿ ಪಂಚಾಯತ್ ಕಚೇರಿಗೆ ತಂದೆವು. ಚುನಾವಣಾಧಿಕಾರಿಯೆಂದರೆ ಬೇರೆ ಊರಿನಿಂದ ಕೆಲಸಕ್ಕೆ ಹಾಕಿದ ಒಬ್ಬ ಮೇಷ್ಟ್ರು. ಕಾಗದಗಳನ್ನೆಲ್ಲ ನೋಡಿ, "ಠೇವಣಿ ನೂರು ರೂಪಾಯಿ, ಮಹಿಳೆಯರಿಗೆ ಅಷ್ಟೇ" ಎಂದರು.

ದೊಡ್ಡಮ್ಮ ಮೊದಲು ಕಚೇರಿಯ ಮಾಡು ನೋಡಿದಳು. ಆಮೇಲೆ ಪರ್ಸಿನ ಒಳಗಿನ ಜಿಪ್ಪು ತೆಗೆದು ಹೊಸ ನೋಟು ಹೊರತೆಗೆದಳು. ಕೈ ಬಿಡುವ ಮೊದಲು ಕೇಳಿದಳು: "ಇದು ಯಾಕೆ ಸರ್, ನಿಲ್ಲಲಿಕ್ಕೆ ದುಡ್ಡು?"

"ಸುಮ್ಮನೆ ನಿಲ್ಲುವವರು ಇರ್ತಾರಲ್ಲ ಅಮ್ಮ, ಅವರನ್ನು ತಡೀಲಿಕ್ಕೆ."

"ನಾನು ಸುಮ್ಮನೆ ನಿಲ್ಲುವುದಲ್ಲ."

"ಹಾಗಾದರೆ ವಾಪಸ್ ಬರ್ತದೆ. ಇಂತಿಷ್ಟು ಪಾಲು ಓಟು ಬೀಳಬೇಕು. ಬೀಳದಿದ್ದರೆ ಸರಕಾರಕ್ಕೆ."

ಅವಳು ನೋಟು ಹಿಡಿದುಕೊಂಡೇ ಇದ್ದಳು. ಬಾಗಿಲ ಹೊರಗೆ ಕುರ್ಚಿಯಲ್ಲಿದ್ದ ಐತಪ್ಪಜ್ಜ ಒಳಗೆ ಕೇಳುವಂತೆ ಹೇಳಿದರು: "ಕೊಡು ಮಾರಾಯ್ತಿ. ಚಿತೆಗೆ ಇಟ್ಟ ಕಟ್ಟಿಗೆ ವಾಪಸ್ ಬರ್ತದಾ ಎಂದು ಯಾರಾದರೂ ಕೇಳ್ತಾರಾ?" ಮೇಷ್ಟ್ರು ತಲೆ ತಗ್ಗಿಸಿ ರಶೀದಿ ಬರೆದರು. ದೊಡ್ಡಮ್ಮ ಅದನ್ನು ಬೀಡಿ ಕಾರ್ಡಿನ ಪ್ಲಾಸ್ಟಿಕ್ ಲಕೋಟೆಯಲ್ಲಿ ಮಡಚದೆ ಇಟ್ಟಳು. ಅಜ್ಜ ಹೆಬ್ಬೆಟ್ಟು ಒತ್ತಿದರು. ಶಾಯಿ ಒರೆಸಲು ಬಟ್ಟೆ ಕೊಟ್ಟರೆ ಬೇಡವೆಂದರು. ಮನೆಗೆ ಹೋಗುವವರೆಗೂ ಆ ಬೆರಳನ್ನು ಎತ್ತಿ ಹಿಡಿದುಕೊಂಡೇ ಇದ್ದರು, ದಾರಿಯಲ್ಲಿ ಸಿಕ್ಕಿದವರಿಗೆ ಕಾಣಲಿ ಎಂದು.

ನಾಮಪತ್ರ ವಾಪಸ್ ತೆಗೆಯುವ ಕೊನೆಯ ದಿನಕ್ಕೆ ಮುಂಚೆ ರಮಾನಾಥಣ್ಣ ಮನೆಗೆ ಬಂದರು. ಊರಿನಲ್ಲಿ ಯಾರ ಜಗಳಕ್ಕೂ ನಡುವೆ ಕೂರುವವರು. ಅಂಗಳದ ಶೀಟಿನಡಿ ಕುಳಿತು, ಬೆಲ್ಲ ನೀರು ಕುಡಿದು, ಮಳೆ ಬೆಳೆಯ ಮಾತಾಡಿ ಕೊನೆಗೆ ಹೇಳಿದರು: "ವಾಪಸ್ ತೆಗೀರಿ ವಾರಿಜಕ್ಕ. ಡಿಪಾಸಿಟೂ ವಾಪಸ್ ಬರ್ತದೆ, ಮರ್ಯಾದೆಯೂ ಉಳೀತದೆ. ನಿಮ್ಮ ಮಾಡಿನ ವಿಷಯ ನಾವೇ ಮಾಡಿಸುವ."

"ಯಾವಾಗ?"

"ನೋಡುವ."

ದೊಡ್ಡಮ್ಮ ಬೀಡಿಯ ನೂಲು ಬಿಗಿದು ತುಂಡರಿಸಿದಳು. "ಹಾಗಾದರೆ ನಿಂತೇ ನೋಡುವ ರಮಾನಾಥಣ್ಣ."

ಚಿಹ್ನೆಗೆ ನಾವು ಕೊಡೆ ಕೇಳಿದ್ದೆವು. ಸಿಕ್ಕಿದ್ದು ಗ್ಯಾಸ್ ಸಿಲಿಂಡರ್. ಸ್ಮಶಾನಕ್ಕಾಗಿ ನಿಂತ ಅಭ್ಯರ್ಥಿಗೆ ಸಿಲಿಂಡರ್ ಸಿಕ್ಕಿದರೆ ಊರು ಸುಮ್ಮನಿರುತ್ತದೆಯೇ? "ಕಟ್ಟಿಗೆ ಬೇಡವಂತೆ, ಗ್ಯಾಸಿನಲ್ಲೇ ಮುಗಿಸ್ತಾರಂತೆ" ಎಂದು ವಾಮದಪದವಿನ ಕ್ಷೌರದಂಗಡಿಯಲ್ಲಿ ಹೇಳಿದ ಮಾತು ನಾವು ಮನೆ ತಲುಪುವ ಮೊದಲೇ ಮನೆ ತಲುಪಿತ್ತು.

ಪ್ರಚಾರಕ್ಕೆ ನಾನು ರಜೆ ಹಾಕಿ ಹೋದೆ. ಮನೆವಾರು ಪಟ್ಟಿಗೆ ಗೆರೆ ಎಳೆದು, ಖಂಡಿತ, ಬಹುಶಃ, ಇಲ್ಲ ಎಂದು ಮೂರು ಕಾಲಂ ಮಾಡಿಕೊಂಡಿದ್ದೆ. ಮಾಸ್ಕಿನ ಕಾಲ ಅದು. ಎದುರಿಗಿರುವವರು ನಗುತ್ತಿದ್ದಾರೋ ಹಲ್ಲು ಕಚ್ಚುತ್ತಿದ್ದಾರೋ ತಿಳಿಯುತ್ತಿರಲಿಲ್ಲ. "ಆಯ್ತು, ನೋಡುವ" ಎಂದವರನ್ನೆಲ್ಲ ನಾನು ಖಂಡಿತಕ್ಕೆ ಸೇರಿಸಿದೆ. ಹುಟ್ಟಿದ ದಿನದಿಂದ ಆ ಮಾತು ಕೇಳುತ್ತ ಬೆಳೆದವನು, ರಮಾನಾಥಣ್ಣನ ಬಾಯಿಂದ ಮೊನ್ನೆಯಷ್ಟೇ ಕೇಳಿದವನು ಹೀಗೆ ಮಾಡಬಹುದೇ? ಪೆನ್ನು ಕೈಗೆ ಬಂದರೆ ನನಗೆ ಬುದ್ಧಿ ಕಮ್ಮಿಯಾಗುತ್ತದೆ.

ಆದರೆ ನಿಜವಾದ ತಪ್ಪು ಬೇರೆಯೇ ಇತ್ತು. ಹೊಸ್ತಿಲ ಹತ್ತಿರ ನಿಂತು ಬೆಳಿಗ್ಗೆ ಬೆಳಿಗ್ಗೆ ಸುಡುಗಾಡಿನ ಮಾತೆತ್ತಬಾರದೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ದೊಡ್ಡಮ್ಮನಿಗೆ ಬೇರೆ ಮಾತೇ ಇರಲಿಲ್ಲ. ರಸ್ತೆ ಎನ್ನಿ, ನೀರು ಎನ್ನಿ, ಅದನ್ನು ಕೊನೆಗೆ ಮೆಲ್ಲ ಹೇಳಿ ಎಂದು ನಾನು ದಾರಿಯಲ್ಲಿ ಹೇಳಿಕೊಡುತ್ತಿದ್ದೆ. ಅವಳು ಅಂಗಳಕ್ಕೆ ಹೋಗಿ, ಮಾಡು ನೋಡಿ, "ನಿಮಗೆ ಒಳ್ಳೆ ಮಾಡು ಉಂಟು. ಗುಡ್ಡೆಯಲ್ಲಿ ಇಲ್ಲ. ಅದಕ್ಕೇ ನಿಂತಿದ್ದೇನೆ" ಎನ್ನುವಳು. ಒಂದು ಮನೆಯಲ್ಲಿ ಮಗಳ ಮದುವೆಯ ಕಾಗದಕ್ಕೆ ಅರಸಿನ ಹಚ್ಚುತ್ತಿದ್ದರು. ಮನೆಯೊಡತಿ ಕಾಗದಗಳನ್ನೆಲ್ಲ ಸೆರಗಿನಲ್ಲಿ ಮುಚ್ಚಿಕೊಂಡಳು. "ಬಾಯಲ್ಲಿ ಒಳ್ಳೆಯದು ಬರ್ಲಿ ವಾರಿಜಕ್ಕ. ಬಸುರಿಯರು ಇರುವ ಮನೆ ಇದು" ಎಂದು ಇನ್ನೊಂದು ಮನೆಯಲ್ಲಿ ಬಾಗಿಲು ಅರ್ಧ ಎಳೆದರು. ನಾವು ಗೇಟು ದಾಟುವಾಗ ಹಿಂದೆ ನೀರು ಚೆಲ್ಲಿದ ಸದ್ದು ಕೇಳಿತು. ದೊಡ್ಡಮ್ಮ ತಿರುಗಲಿಲ್ಲ. "ಎಲ್ಲರದ್ದೂ ಯಾವಾಗಲೂ ಇರ್ತೇವೆ ಎಂದೇ ಲೆಕ್ಕ" ಎಂದಳು.

ಬಾಗಿಲು ಎಳೆಯದೆ ಕೇಳಿದವರು ಮುದುಕರು ಮಾತ್ರ. ಮನೆಯ ಹಿಂಬದಿಯ ಕೋಣೆಯಿಂದ "ಯಾರು, ಮಾಡಿನ ಹೆಂಗಸಾ? ಇಲ್ಲಿ ಕಳಿಸಿ" ಎಂದು ಧ್ವನಿ ಬರುತ್ತಿತ್ತು. ಸೊಸೆಯಂದಿರು ಮುಖ ಗಂಟು ಹಾಕಿಕೊಂಡು ಒಳಗೆ ಬಿಡುತ್ತಿದ್ದರು. ಮಂಚದ ಮೇಲಿನ ಮುದುಕಿಯೊಬ್ಬಳು ದೊಡ್ಡಮ್ಮನ ಕೈಹಿಡಿದು, ಕಂಬ ಸಿಮೆಂಟಿನದೋ ಕಬ್ಬಿಣದೋ, ಶೀಟು ಎಷ್ಟು ಎತ್ತರ, ಗಾಳಿಗೆ ಇರಚಲು ಹೊಡೆಯುವುದಿಲ್ಲವೇ ಎಂದು ಮನೆ ಕಟ್ಟಿಸುವವಳಂತೆ ವಿಚಾರಿಸಿದಳು. ನನ್ನ ಪಟ್ಟಿಯಲ್ಲಿ ನಿಜವಾಗಿ ಖಂಡಿತ ಇದ್ದವರು ಇವರೇ. ಇವರಲ್ಲಿ ಹೆಚ್ಚಿನವರು ಮತಗಟ್ಟೆಯವರೆಗೆ ನಡೆಯಲಾರದವರು. ಆ ಮುದುಕಿ ಮತದಾನಕ್ಕೆ ಮೊದಲೇ ಹೋಗಿಬಿಟ್ಟಳು. ಪುಣ್ಯಕ್ಕೆ ಅದು ಬಿಸಿಲಿನ ದಿನ.

ಮತದಾನದ ದಿನ ಐತಪ್ಪಜ್ಜ ಬೆಳಿಗ್ಗೆಯೇ ಮಿಂದು ಬಿಳಿ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕುಳಿತಿದ್ದರು. ಮತಗಟ್ಟೆಯೊಳಗೆ ಅವರೊಬ್ಬರನ್ನೇ ಬಿಡಿ, ಅವರಿಗೆ ಕೈ ಸರಿ ಇದೆ ಎಂದರು ಅಧಿಕಾರಿ. ಅಜ್ಜನಿಗೂ ಅದೇ ಬೇಕಿತ್ತು. ಹೊರಗೆ ಬರುವಾಗ ಅವರ ಹೆಬ್ಬೆರಳು ಮತ್ತೆ ನೀಲಿಯಾಗಿತ್ತು. ಅದನ್ನು ಎತ್ತಿ ತೋರಿಸಿದರು. ರಿಜಿಸ್ಟರಿಗೆ ಒತ್ತಿದ ಶಾಯಿ ಎಂದುಕೊಂಡೆ.

ಎಣಿಕೆ ಬಂಟ್ವಾಳದ ಒಂದು ಶಾಲೆಯಲ್ಲಿ. ಏಜೆಂಟನಾಗಿ ನಾನು ತಂತಿ ಬಲೆಯ ಈಚೆ ಪೆನ್ನು ಹಿಡಿದು ನಿಂತಿದ್ದೆ. ನನ್ನ ಪಟ್ಟಿಯ ಪ್ರಕಾರ ದೊಡ್ಡಮ್ಮ ಗೆದ್ದಾಗಿತ್ತು. ಖಂಡಿತದ ಕಾಲಮ್ಮಿನಲ್ಲಿ ನೂರರ ಮೇಲಿತ್ತು. ಮೇಜಿನ ಮೇಲೆ ಸಿಲಿಂಡರಿನ ಕಟ್ಟು ಕಟ್ಟಾಗಲೇ ಇಲ್ಲ. ಮೂವತ್ತೊಂದು ಚೀಟಿ, ರಬ್ಬರ್ ಬ್ಯಾಂಡು ಸಡಿಲವಾಗಿತ್ತು. ಠೇವಣಿಗೆ ಬೇಕಾದ ಪಾಲಿಗೂ ಸಾಲದು.

ತಿರಸ್ಕೃತ ಎಂದು ಬದಿಗಿಟ್ಟ ಮತಪತ್ರಗಳನ್ನು ಒಂದೊಂದಾಗಿ ಎತ್ತಿ ತೋರಿಸಿದರು. ಒಂದರಲ್ಲಿ ಸಿಲಿಂಡರಿನ ಮೇಲೆ ಮೊಹರು ಇರಲಿಲ್ಲ. ಹೆಬ್ಬೆಟ್ಟು ಇತ್ತು. ದೊಡ್ಡ, ಕಲ್ಲು ಕಡಿದು ಚಪ್ಪಟೆಯಾದ ಬೆರಳಿನ, ಗೆರೆಯೆಲ್ಲ ಸವೆದ ಗುರುತು. ಚಿಹ್ನೆಯ ನಟ್ಟನಡುವೆ ಒತ್ತಿ ಒತ್ತಿ ಹಾಕಿದ್ದರು.

"ಇದು ಇನ್‌ವ್ಯಾಲಿಡ್, ಆಕ್ಷೇಪ ಉಂಟಾ?" ಎಂದರು ಅಧಿಕಾರಿ. ನಿಯಮ ನನಗೆ ಗೊತ್ತಿತ್ತು. ಇಲ್ಲ ಎಂದೆ.

ಸಂಜೆ ಅಜ್ಜನ ಮನೆಗೆ ಹೋದೆ. ಸೋತದ್ದು ಅವರಿಗೆ ಆಗಲೇ ತಿಳಿದಿತ್ತು. ಅವರು ಕೇಳಿದ್ದು ಒಂದೇ. "ನನ್ನ ಹೆಬ್ಬೆಟ್ಟು ಸರಿ ಬಿದ್ದಿತ್ತಾ ಮಗಾ?"

"ನಡುವಿಗೇ ಬಿದ್ದಿತ್ತು ಅಜ್ಜ" ಎಂದೆ.

ದೊಡ್ಡಮ್ಮ ಆ ದಿನವೂ ಶೀಟಿನಡಿ ಕುಳಿತು ಬೀಡಿ ಕಟ್ಟುತ್ತಿದ್ದಳು. ನೂರು ರೂಪಾಯಿ ವಾಪಸ್ ಬರುವುದಿಲ್ಲ ಎಂದದ್ದಕ್ಕೆ ತಲೆಯಾಡಿಸಿದಳು. ರಶೀದಿಯನ್ನು ಲಕೋಟೆಯಿಂದ ತೆಗೆದು ಒಲೆಗೆ ಹಾಕಿದಳು. "ಆಟಿಗೆ ಇನ್ನೆಷ್ಟು ತಿಂಗಳು?" ಎಂದು ಕೇಳಿದಳು. ನಾನು ಬೆರಳು ಮಡಚಿ ಹೇಳಿದೆ.

ಗೆದ್ದ ಪುಷ್ಪಕ್ಕ ಕೆಟ್ಟವರಲ್ಲ. ಮಾಡನ್ನು ಕಾಮಗಾರಿ ಪಟ್ಟಿಗೆ ಸೇರಿಸಿದ್ದೇನೆ ಎಂದರು, ಮುಂದಿನ ವರ್ಷ ಎಂದರು. ಹೇಳಿದ ಹಾಗೆ ಪಟ್ಟಿಗೆ ಸೇರಿಸಿದ್ದರು ಕೂಡ. ಅದು ಪಟ್ಟಿಯಲ್ಲಿ ಇನ್ನೂ ಇದೆ.

ಐತಪ್ಪಜ್ಜ ಆಟಿಯಲ್ಲೇ ಹೋದರು. ಸುದ್ದಿ ಬಂದಾಗ ನನ್ನ ಜಾಮ್ ಬಾಟಲಿ ತುಂಬಿ ಹರಿಯುತ್ತಿತ್ತು. ನಾನು ಮೆಲ್ಕಾರಿನಿಂದ ಬಸ್ಸು ಹಿಡಿದು ಅಲ್ಲಿ ಮುಟ್ಟುವಾಗ ಗಂಡಸರು ಅಜ್ಜನ ಅಂಗಳದಲ್ಲಿ ಗುಡ್ಡೆಯ ಕಡೆ ನೋಡುತ್ತ ನಿಂತಿದ್ದರು. ಯಾರೋ ಟಯರಿನ ಮಾತೆತ್ತಿದರು. ಯಾರೋ ಮಣ್ಣು ಮಾಡುವ ಎಂದರು. ಅಜ್ಜನ ಮಗ ಬೇಡವೆಂದು ತಲೆಯಾಡಿಸುತ್ತಿದ್ದ.

ಆಗ ದೊಡ್ಡಮ್ಮನ ಮನೆಯ ಕಡೆಯಿಂದ ತಗಡಿನ ಸದ್ದು ಕೇಳಿತು. ಓಡಿಹೋಗಿ ನೋಡಿದರೆ ಅವಳು ಸ್ಟೂಲಿನ ಮೇಲೆ ಸ್ಟೂಲು ಇಟ್ಟು ಹತ್ತಿ, ಕತ್ತಿಯ ಬೆನ್ನಿನಿಂದ ಶೀಟಿನ ಮೊಳೆ ಎಬ್ಬಿಸುತ್ತಿದ್ದಳು. ಅಂಗಳದಲ್ಲಿದ್ದ ಬೀಡಿಯ ಮೊರ, ಎಲೆ ಎಲ್ಲವನ್ನೂ ಮೊದಲೇ ಒಳಗಿಟ್ಟಿದ್ದಳು.

"ದೊಡ್ಡಮ್ಮ, ಎಂತ ಮಾಡ್ತಿದ್ದೀ?"

"ಹಿಡ್ಕೋ. ಇದು ನಿನ್ನ ದೊಡ್ಡಪ್ಪ ಹೊಡೆದ ಮೊಳೆ, ಸುಲಭಕ್ಕೆ ಬರುವುದಿಲ್ಲ."

"ಅಲ್ಲಿಗೆ ಹೋದದ್ದು ವಾಪಸ್ ಮನೆಗೆ ತರಲಿಕ್ಕೆ ಆಗುವುದಿಲ್ಲ. ಗೊತ್ತುಂಟಲ್ಲ ನಿನಗೆ?"

"ನಿನಗಿಂತ ಮೊದಲು ಗೊತ್ತುಂಟು."

ಅದು ನಮ್ಮ ಕಡೆಯ ಕಟ್ಟಳೆ. ಚಿತೆಯ ಹತ್ತಿರ ಹೋದ ವಸ್ತು ಹೊಸ್ತಿಲು ದಾಟಿ ಹಿಂದೆ ಬರುವ ಹಾಗಿಲ್ಲ. ಮರ ಕಡಿದ ಕೊಡಲಿಯನ್ನೂ ತೊಳೆದು ಹೊರಗೇ ಇಡುತ್ತಾರೆ. ಚಿತೆಯ ಮೇಲೆ ಹಿಡಿದ ಮಾಡನ್ನು ಯಾರು ತಮ್ಮ ತಲೆಯ ಮೇಲೆ ಹಾಕಿಕೊಳ್ಳುತ್ತಾರೆ? ಶೀಟು ಹೋದರೆ ಮಳೆಗಾಲದಲ್ಲಿ ಅವಳಿಗೆ ಬೀಡಿ ಕಟ್ಟಲು ಜಾಗ ಇಲ್ಲ. ಒಳಗಿನ ಕೋಣೆಯಲ್ಲಿ ಹಗಲೂ ಕತ್ತಲೆ, ಥಂಡಿ. ಥಂಡಿ ಹಿಡಿದ ಬೀಡಿಯನ್ನು ಬ್ರಾಂಚಿನಲ್ಲಿ ತೆಗೆದು ಬಿಸಾಡುತ್ತಾರೆ. ಇದೆಲ್ಲ ನಾನು ಹೇಳುವ ಮೊದಲೇ ಮೊದಲ ಶೀಟು ನನ್ನ ಕೈಗೆ ಬಂದಿತ್ತು.

ಎಂಟು ಶೀಟನ್ನೂ ಗುಡ್ಡೆಗೆ ಹೊತ್ತೆವು. ಅಡಿಕೆ ಮರದ ಕಂಬ ನೆಟ್ಟು, ಎತ್ತರಕ್ಕೆ ಕಟ್ಟಿದೆವು. ಓಟು ಕೊಡದವರು, ನೀರು ಚೆಲ್ಲಿದ ಮನೆಯವರು, ರಮಾನಾಥಣ್ಣ, ಎಲ್ಲರೂ ಹಗ್ಗ ಬಿಗಿದರು. ಮಳೆ ಶೀಟಿನ ಮೇಲೆ ಬಿದ್ದಾಗ ನಾನು ಚಿಕ್ಕಂದಿನಲ್ಲಿ ಮಲಗಿ ಕೇಳುತ್ತಿದ್ದ ಸದ್ದೇ ಅದು. ಅದರಡಿ ಐತಪ್ಪಜ್ಜ ನೆನೆಯದೆ ಉರಿದುಹೋದರು.

ಶೀಟು ಅಲ್ಲಿಯೇ ಉಳಿಯಿತು. ತೆಗೆಯುವ ಹಾಗಿಲ್ಲವಲ್ಲ. ಮರುವರ್ಷ ಯಾರೋ ಅಡಿಕೆ ಕಂಬ ತೆಗೆದು ಕಲ್ಲಿನ ಕಂಬ ನಿಲ್ಲಿಸಿದರು. ಯಾರು ಎಂದು ನಾನು ಕೇಳಲಿಲ್ಲ. ದೊಡ್ಡಮ್ಮನ ಅಂಗಳದಲ್ಲಿ ಮಾತ್ರ ಪಕ್ಕಾಸು ಬರಿದಾಗಿ ನಿಂತಿತ್ತು. ನಾನು ಹೊಸ ಶೀಟು ಹಾಕಿಸುತ್ತೇನೆಂದೆ. ಅವಳು ಬಿಡಲಿಲ್ಲ. "ಇರ್ಲಿ ಮಗಾ. ಮೇಲೆ ಕಾಣ್ತದೆ" ಎಂದಳು. ಮಳೆಗಾಲದಲ್ಲಿ ಒಳಗೆ ಕುಳಿತು ಬಲ್ಬಿನ ಬೆಳಕಿನಲ್ಲಿ ಕಟ್ಟುತ್ತಿದ್ದಳು. ಕೆಮ್ಮು ಶುರುವಾಯಿತು. ಕಟ್ಟುಗಳು ಕಮ್ಮಿಯಾದವು.

ಅವಳೂ ಆಟಿಯನ್ನೇ ಆರಿಸಿಕೊಂಡಳು. ಈ ವರ್ಷದ ಆಟಿ.

ಕೊನೆಯ ಸ್ನಾನಕ್ಕೆ ಅವಳನ್ನು ಅಂಗಳದಲ್ಲಿ ಮಲಗಿಸಿದಾಗ ಮಳೆ ನೇರ ಅವಳ ಮೇಲೆ ಬಿತ್ತು. ಹೆಂಗಸರು ಕೊಡೆ ಹಿಡಿದರು, ಕೊಡೆಗಳು ಸಾಲಲಿಲ್ಲ. ನಾನು ಅಭ್ಯಾಸದಂತೆ ಮೇಲೆ ನೋಡಿದೆ. ದೊಡ್ಡಪ್ಪ ಹೊಡೆದ ಮೊಳೆಗಳ ಗುರುತು ಪಕ್ಕಾಸಿನಲ್ಲಿ ಸಾಲಾಗಿ ಕಾಣುತ್ತಿತ್ತು. ಅಂಗಳದಲ್ಲಿ ನೆನೆದವಳು ಗುಡ್ಡೆಯಲ್ಲಿ ನೆನೆಯಲಿಲ್ಲ. ಬೆಂಕಿ ಒಮ್ಮೆಗೇ ಹಿಡಿಯಿತು. ಯಾರೂ ಏನೂ ಎತ್ತಿ ಹಿಡಿಯಬೇಕಾಗಲಿಲ್ಲ.

ಮೂರನೆಯ ದಿನ ಬೂದಿ ಮುಚ್ಚಲು ಹೋದೆ. ಅವಳು ನೋಡಿದ ಹಾಗೆ ಒಮ್ಮೆ ಕೆಳಗೆ ನೋಡಿದೆ, ಒಮ್ಮೆ ಮೇಲೆ ನೋಡಿದೆ. ಒಂದು ಶೀಟಿಗೆ ತುಕ್ಕು ಹಿಡಿದಿದೆ, ಒಂದು ಮೊಳೆಯ ತೂತಿನಿಂದ ಹನಿ ಬೀಳುತ್ತದೆ. ಮುಂದಿನ ಮಳೆಗಾಲದ ಮೊದಲು ನೋಡಬೇಕು.

ಇಳಿದು ಬಂದಾಗ ಅಮ್ಮ ಅದೇ ಅಂಗಳದಲ್ಲಿ ಕಾಯುತ್ತಿದ್ದಳು. ಕೈಯಲ್ಲಿ ನನ್ನ ಸ್ನಾನಕ್ಕೆ ನೀರಿನ ಕೊಡಪಾನ. ತಲೆಯ ಮೇಲೆ ಸೆರಗು, ಸೆರಗಿನ ಮೇಲೆ ಮಳೆ.

"ಹೇಗಿತ್ತು?" ಎಂದಳು.

"ಪೂರ್ತಿ" ಎಂದೆ.

ಅಮ್ಮ ನನ್ನ ತಲೆಯ ಮೇಲೆ ನೀರು ಹೊಯ್ದಳು.